ಹಸಿರು ನಿಶಾನೆಯ ಓಟಗಾರರು

ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿ ಓಡುವವರಿಗಿಂತ ಓಟಕ್ಕೆ ಹಸಿರು ನಿಶಾನೆ ತೋರಿಸುವವರೇ ಹೆಚ್ಚು. ಹೊಟ್ಟೆಕಿಚ್ಚಿನ ಮಾತು ಎಂದುಕೊಳ್ಳಬೇಡಿ, ಮರುದಿನದ ಪತ್ರಿಕೆಯ ಜಿಲ್ಲಾ ಪುಟ ತೆಗೆದು ಫೋಟೊ ನೋಡಿ. ಒಂದೇ ಬಾವುಟದ ಕೋಲನ್ನು ಹತ್ತಾರು ಕೈಗಳು ಹಿಡಿದಿರುತ್ತವೆ. ಕೋಲು ಎಟುಕದವರು ಹಿಡಿದವರ ಮೊಣಕೈ ಹಿಡಿದಿರುತ್ತಾರೆ. ಅದೂ ಸಿಗದವರು ಹಿಂದಿನಿಂದ ಕತ್ತು ಚಾಚಿ ಕ್ಯಾಮೆರಾದ ಕಣ್ಣಿಗೆ ಬಿದ್ದಿರುತ್ತಾರೆ. ಫೋಟೊದ ಅಂಚಿನಲ್ಲಿ, ಅರ್ಧ ಮುಖ ಕತ್ತರಿಸಿ ಹೋದಂತೆ, ಪಿಯು ಕಾಲೇಜಿನ ಇಬ್ಬರು ಹುಡುಗರು ಕಾಣುತ್ತಾರೆ. ಓಡಿದವರು ಅವರೇ.

ಇಂಥ ಓಟಕ್ಕೆ ನಮ್ಮಲ್ಲಿ ಕಾರಣಗಳ ಬರವಿಲ್ಲ. ಜನವರಿ 25 ಮತದಾರರ ದಿನ, ಜೂನ್ 21 ಯೋಗ ದಿನ, ಆಗಸ್ಟ್ 29 ಕ್ರೀಡಾ ದಿನ, ಅಕ್ಟೋಬರ್ 31 ಏಕತಾ ದಿನ, ಡಿಸೆಂಬರ್ 1 ಏಡ್ಸ್ ದಿನ. 2019ರಲ್ಲಿ ಫಿಟ್ ಇಂಡಿಯಾ ಆಂದೋಲನ ಶುರುವಾದ ಮೇಲಂತೂ ಫ್ಲೆಕ್ಸ್ ಅಂಗಡಿಯವರಿಗೆ ಉಸಿರಾಡಲು ಬಿಡುವಿಲ್ಲ. ಎಲ್ಲ ಓಟಗಳ ಉದ್ದೇಶವೂ ಒಂದೇ, ಜಾಗೃತಿ. ಬೆಳಿಗ್ಗೆ ಎಬ್ಬಿಸಿದ ಈ ಜಾಗೃತಿ ಮಧ್ಯಾಹ್ನ ಊಟ ಮಾಡಿ ಅಡ್ಡಾಯಿತೆಂದರೆ ಮುಂದಿನ ದಿನಾಚರಣೆಯವರೆಗೆ ಮಗ್ಗಲು ಬದಲಿಸುವುದಿಲ್ಲ.

ನವನಗರದಲ್ಲಿ ಆರು ಗಂಟೆಗೆ ಓಟ ಎಂದರೆ ಹುಡುಗರು ಐದೂವರೆಗೇ ಬಂದು ಸಾಲುಗಟ್ಟಬೇಕು. ಟೀಶರ್ಟ್ ಹಂಚುವವರು ಆರೂಕಾಲಿಗೆ ಬರುತ್ತಾರೆ. ಪೆಟ್ಟಿಗೆ ಒಡೆದರೆ ಇರುವುದೆಲ್ಲ ಡಬಲ್ ಎಕ್ಸೆಲ್. ಆರ್ಡರ್ ಕೊಟ್ಟ ಪದಾಧಿಕಾರಿಗಳು ಅಳತೆಗೆ ತಮ್ಮ ಹೊಟ್ಟೆಯನ್ನೇ ಕೊಟ್ಟಿರುತ್ತಾರೆ. ಎಂಟನೇ ಇಯತ್ತೆಯ ಹುಡುಗಿ ಅದನ್ನು ತೊಟ್ಟರೆ ಮೊಣಕಾಲು ಮುಚ್ಚುತ್ತದೆ, ಎದೆಯ ಮೇಲಿರಬೇಕಾದ ಘೋಷಣೆ ಹೊಟ್ಟೆಗೆ ಇಳಿಯುತ್ತದೆ. ಬೆನ್ನಿನ ಮೇಲಿನ ಪ್ರಾಯೋಜಕರ ಹೆಸರು ಮಾತ್ರ ಎಷ್ಟು ದೂರದಿಂದಲೂ ಓದಲು ಬರುತ್ತದೆ. ಏಳಕ್ಕೆ ಮೈಕಿನಲ್ಲಿ ಪ್ರಕಟಣೆ: "ಸಾಹೇಬ್ರು ಮನಿ ಬಿಟ್ಟಾರ. ಇನ್ನೈದು ನಿಮಿಷದಾಗ ಬರ್ತಾರ. ಯಾರೂ ಸಾಲು ಬಿಟ್ಟು ಹೋಗಬ್ಯಾಡ್ರಿ." ನಮ್ಮ ಕಡೆ ಇನ್ನೈದು ನಿಮಿಷ ಎಂದರೆ ಸಾಹೇಬರ ಸ್ನಾನಕ್ಕೆ ನೀರು ಕಾಯುತ್ತಿದೆ ಎಂದೇ ತಿಳಿಯಬೇಕು. ಮಾರ್ಚ್ ತಿಂಗಳಾಗಿದ್ದರೆ ಅಷ್ಟರಲ್ಲಿ ಸೂರ್ಯ ಬಂದು ತನ್ನ ಭಾಷಣ ಶುರು ಮಾಡಿರುತ್ತಾನೆ.

ಅಂತೂ ಅತಿಥಿಗಳು ಬರುತ್ತಾರೆ, ಸೋಫಾದಲ್ಲಿ ಕೂರುತ್ತಾರೆ. ಹಾರ, ಶಾಲು, ಹಣ್ಣಿನ ಬುಟ್ಟಿ. ಸ್ವಾಗತ ಮಾಡಿದವರನ್ನು ಸ್ವಾಗತಿಸಲು ಇನ್ನೊಬ್ಬರು. ಆಮೇಲೆ ಆರೋಗ್ಯದ ಮೇಲೆ ಭಾಷಣ. ಇಂದಿನ ಯುವಜನತೆ ಕುಳಿತಲ್ಲೇ ಕುಳಿತು ಹಾಳಾಗುತ್ತಿದೆ ಎಂಬುದು ಅದರ ಸಾರ. ಇದನ್ನು ಹೇಳುವವರು ಈಗಷ್ಟೇ ಸೋಫಾ ಬಿಟ್ಟು ಎದ್ದವರು, ಕೇಳುತ್ತಿರುವವರು ಎರಡು ತಾಸಿನಿಂದ ನಿಂತವರು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಲೆಕ್ಕದ ಪ್ರಕಾರ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಮೈ ಬೆಚ್ಚಗಾಗುವಂತೆ ನಡೆದರೂ ಸಾಕು. ನಮ್ಮಲ್ಲಿ ಒಂದು ಜಾಗೃತಿ ಓಟದ ಉದ್ಘಾಟನೆಗೆ ಅಷ್ಟು ನಿಮಿಷ ಬೇಕು, ಅದೂ ಕುಳಿತುಕೊಂಡು.

ಕೊನೆಗೂ ನಿಶಾನೆ ಬೀಸುತ್ತದೆ. ಅತಿಥಿಗಳೂ ಓಡುತ್ತಾರೆ. ಫೋಟೊಗ್ರಾಫರ್ ಹಿಮ್ಮುಖವಾಗಿ ಓಡುತ್ತ ಕ್ಲಿಕ್ಕಿಸುವವರೆಗೆ ಓಡುತ್ತಾರೆ. ಇಡೀ ಓಟದಲ್ಲಿ ಕಷ್ಟದ ಕೆಲಸ ಅವನದೇ, ಆದರೆ ಅವನಿಗೆ ಟೀಶರ್ಟ್ ಕೂಡ ಕೊಟ್ಟಿರುವುದಿಲ್ಲ. ಅಲ್ಲಿಂದ ಅತಿಥಿಗಳು ಕಾರು ಹತ್ತಿ ಓಟ ಮುಗಿಯುವ ಜಾಗಕ್ಕೆ ಮೊದಲೇ ಹೋಗಿ, ಬರುವವರಿಗೆ ಪದಕ ಹಾಕಲು ಸಿದ್ಧರಾಗುತ್ತಾರೆ. ಆದರೆ ನಮ್ಮ ಜನರ ನಿಜವಾದ ವೇಗ ನೋಡಬೇಕೆಂದರೆ ಉಪ್ಪಿಟ್ಟು, ಶಿರಾ ಪಾತ್ರೆಗಳ ಮುಚ್ಚಳ ತೆಗೆಯುವ ಹೊತ್ತಿಗೆ ಅಲ್ಲಿರಬೇಕು. ಮೂರು ಕಿಲೋಮೀಟರಿಗೆ ಏದುಸಿರು ಬಿಟ್ಟವರು ಮೂವತ್ತು ಅಡಿಗೆ ಚಿಗರೆಯಾಗುತ್ತಾರೆ.

ಈ ಮೂರು ಕಿಲೋಮೀಟರಿಗೆ ಫ್ಲೆಕ್ಸಿನಲ್ಲಿ ಮ್ಯಾರಥಾನ್ ಎಂದು ಬರೆದಿರುತ್ತದೆ. ಮ್ಯಾರಥಾನ್ ಅಂದರೆ 42.195 ಕಿಲೋಮೀಟರು ಎಂದು ಯಾರಾದರೂ ಹೇಳಿದರೆ, ಅಷ್ಟು ದೂರ ಓಡಿದರೆ ಬಾದಾಮಿ ಬರ್ತದಲ್ರೀ ಎನ್ನುತ್ತಾರೆ. ಹೌದು, ಹೆಚ್ಚೂಕಡಿಮೆ ಬಾದಾಮಿಯೇ ಬರುತ್ತದೆ. ಆದರೆ ಸಂಘಟಕರು ಮನಸ್ಸಿಗೆ ಹಚ್ಚಿಕೊಳ್ಳಬೇಕಾಗಿಲ್ಲ, ಮುಖ್ಯ ಅತಿಥಿಯ ಖುರ್ಚಿಗೆ ತಕ್ಕಂತೆ ಓಟ ಹೊಂದಿಸುವ ಪದ್ಧತಿಗೆ ದೊಡ್ಡ ಪರಂಪರೆಯೇ ಇದೆ. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಓಟವನ್ನು ವಿಂಡ್ಸರ್ ಅರಮನೆಯ ಅಂಗಳದಿಂದ ಹೊರಡಿಸಿ, ಕ್ರೀಡಾಂಗಣದಲ್ಲಿ ರಾಜಮನೆತನದವರು ಕುಳಿತ ಜಾಗದ ಮುಂದೆ ಮುಗಿಸಿದರು. ಅಳೆದಾಗ ಬಂದದ್ದು ಈ 42.195. ಅದನ್ನೇ 1921ರಲ್ಲಿ ಜಗತ್ತಿಗೆಲ್ಲ ನಿಯಮ ಮಾಡಿದರು. ಲಂಡನ್ನಿನವರು ಅತಿಥಿಗಳಿಗಾಗಿ ಓಟ ಹಿಗ್ಗಿಸಿದರು, ನಾವು ಕುಗ್ಗಿಸಿದೆವು, ಅಷ್ಟೇ ವ್ಯತ್ಯಾಸ.

ಫ್ಲೆಕ್ಸಿಲ್ಲದ ಒಂದು ನಡಿಗೆಯೂ ಇದೇ ಜಿಲ್ಲೆಯಲ್ಲಿದೆ. ಯುಗಾದಿ ಹತ್ತಿರ ಬಂದಿತೆಂದರೆ ಜನ ಮಲ್ಲಯ್ಯನ ಕಂಬಿ ಹೊತ್ತು ಶ್ರೀಶೈಲಕ್ಕೆ ಹೊರಡುತ್ತಾರೆ. ಬಾಗಲಕೋಟೆ, ಹುನಗುಂದ, ಇಳಕಲ್ ಕಡೆಯಿಂದ ಹೊರಟವರಿಗೆ ನೂರಾರು ಕಿಲೋಮೀಟರಿನ ದಾರಿ. ಬಿಸಿಲಿಗೆ ಅಂಜಿ ರಾತ್ರಿಯೆಲ್ಲ ನಡೆಯುತ್ತಾರೆ. ಬರಿಗಾಲಿನವರುಂಟು, ಮರಗಾಲು ಕಟ್ಟಿಕೊಂಡವರುಂಟು. ಅರವತ್ತು ದಾಟಿದ ಆಯಿ ಬುತ್ತಿಗಂಟು ತಲೆಯ ಮೇಲಿಟ್ಟುಕೊಂಡು, ಹಿಂದೆ ಬಿದ್ದ ಮೊಮ್ಮಗನನ್ನು ಬೈಯುತ್ತ ಮುಂದೆ ಹೋಗುತ್ತಿರುತ್ತಾಳೆ. ದಾರಿಯ ಊರುಗಳವರು ರೊಟ್ಟಿ, ಮಜ್ಜಿಗೆ ಇಟ್ಟುಕೊಂಡು ಕಾಯುತ್ತಾರೆ, ನಡೆದು ಬಂದವರ ಅಂಗಾಲಿಗೆ ಎಣ್ಣೆ ಹಚ್ಚಿ ತಿಕ್ಕುತ್ತಾರೆ. ಯಾವ ಇಲಾಖೆಯೂ ಇವರನ್ನು ಫಿಟ್ ಎಂದು ಘೋಷಿಸಿಲ್ಲ. ಬೆನ್ನಿನ ಮೇಲೆ ಪ್ರಾಯೋಜಕರಿಲ್ಲ, ಕೊರಳಿಗೆ ಪದಕವಿಲ್ಲ. ಇಲ್ಲಿ ಮುಖ್ಯ ಅತಿಥಿ ಮಲ್ಲಯ್ಯ. ಆತ ಇದ್ದ ಜಾಗ ಬಿಟ್ಟು ಕದಲುವವನಲ್ಲ, ಹೀಗಾಗಿ ತಡವಾಗುವ ಪ್ರಶ್ನೆಯೇ ಇಲ್ಲ.

ಆ ಆಯಿ ಎಷ್ಟು ಹೆಜ್ಜೆ ನಡೆದಳೆಂದು ಯಾರೂ ಎಣಿಸಿಲ್ಲ. ಎಣಿಸುವ ಕೆಲಸ ನವನಗರದ ನಿವೃತ್ತರದು. ಹಳೆಯ ಊರಿನ ಬಹುಭಾಗವನ್ನು ಆಲಮಟ್ಟಿಯ ಹಿನ್ನೀರಿಗೆ ಬಿಟ್ಟುಕೊಟ್ಟು, ಚಾರ್ಲ್ಸ್ ಕೊರಿಯಾ ಅವರಂಥ ವಾಸ್ತುಶಿಲ್ಪಿಯ ಯೋಜನೆಯ ಮೇಲೆ ಕಟ್ಟಿಕೊಂಡ ಊರು ಇದು. ಅಗಲ ರಸ್ತೆ, ಅಂಕಿ ಹಾಕಿದ ಸೆಕ್ಟರುಗಳು. ಬೆಳಗಿನ ಜಾವ ಇಲ್ಲಿ ಮಂದಿ ಒಬ್ಬರನ್ನೊಬ್ಬರು ಆರಾಮ ಇದ್ದೀರೇನ್ರಿ ಎಂದು ಕೇಳುವುದು ನಿಂತುಹೋಗಿದೆ.

"ಎಷ್ಟಾತ್ರೀ ಗೌಡ್ರ ಇವತ್ತ?"

"ಒಂಬತ್ತ ಸಾವಿರದಾ ಏಳ್ನೂರ ಆಗೇತ್ರಿ. ಇನ್ನ ಮುನ್ನೂರ ರಾತ್ರಿ ಊಟ ಆದಮ್ಯಾಲ."

ಈ ಹತ್ತು ಸಾವಿರ ಯಾವ ವೈದ್ಯ ಬರೆದುಕೊಟ್ಟ ಚೀಟಿಯೂ ಅಲ್ಲ. ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು ಹುಟ್ಟಿಸಿದ ಅಂಕಿ ಅದು. ಹಾರ್ವರ್ಡಿನ ಐ-ಮಿನ್ ಲೀ ಮತ್ತು ಸಂಗಡಿಗರು 2019ರಲ್ಲಿ ವಯಸ್ಸಾದ ಹೆಣ್ಣುಮಕ್ಕಳ ಹೆಜ್ಜೆಗಳನ್ನು ಅಳೆದು ನೋಡಿದರು. ದಿನಕ್ಕೆ 2,700 ಹೆಜ್ಜೆ ಹಾಕುವವರಿಗಿಂತ 4,400 ಹಾಕುವವರಲ್ಲಿ ಸಾವಿನ ಪ್ರಮಾಣ ಕಡಿಮೆ ಇತ್ತು. 7,500 ದಾಟಿದ ಮೇಲೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಇದನ್ನು ನಮ್ಮ ಗೌಡರಿಗೆ ಹೇಳಲು ಯಾರಿಗೂ ಧೈರ್ಯವಿಲ್ಲ. ಮಗ ಪುಣೆಯಿಂದ ಕಳಿಸಿದ ಗಡಿಯಾರ ಹತ್ತು ಸಾವಿರಕ್ಕೆ ಮಣಿಕಟ್ಟಿನ ಮೇಲೆ ಪಟಾಕಿ ಹಾರಿಸುತ್ತದೆ. ಆ ಪಟಾಕಿ ನೋಡದೆ ನಿದ್ದೆ ಬರುವುದಿಲ್ಲ. ಜೋಕಾಲಿಯ ಮೇಲೆ ಕುಳಿತು ಧಾರಾವಾಹಿ ನೋಡುತ್ತ ಕೈ ಅಲ್ಲಾಡಿಸಿದರೂ ಗಡಿಯಾರ ಅದನ್ನು ಹೆಜ್ಜೆ ಎಂದೇ ನಂಬುತ್ತದೆ. ಈ ಗುಟ್ಟನ್ನು ಮೊಮ್ಮಕ್ಕಳು ಸೆಕ್ಟರ್ ಸೆಕ್ಟರಿಗೂ ಹಂಚಿದ್ದಾರೆ. ಅದೇ ಗಡಿಯಾರವನ್ನು ಒಳಗೆ ರೊಟ್ಟಿ ಬಡಿಯುತ್ತಿರುವ ಅಕ್ಕಾರ ಕೈಗೆ ಕಟ್ಟಿದರೆ ಮೂರನೇ ಬುಟ್ಟಿ ತುಂಬುವಷ್ಟರಲ್ಲಿ ಪಟಾಕಿ ಹಾರುತ್ತದೆ. ಯಾರೂ ಕಟ್ಟಿ ನೋಡಿಲ್ಲ. ರೊಟ್ಟಿ ತಡವಾದೀತೆಂಬ ಭಯ.

ಹೆಜ್ಜೆಯ ಮಾತು ಬಂತೆಂದು ಇದನ್ನೂ ಹೇಳಿಬಿಡುತ್ತೇನೆ. ಆಲಮಟ್ಟಿ ಅಣೆಕಟ್ಟಿನ ಎತ್ತರವನ್ನು 519.60 ಮೀಟರಿನಿಂದ 524.256ಕ್ಕೆ ಏರಿಸಲು ನ್ಯಾಯಮಂಡಳಿ ಒಪ್ಪಿದ್ದು 2010ರಲ್ಲಿ. ಅಂದಿನಿಂದ ಮುಳುಗಲಿರುವ ಹಳ್ಳಿಗಳ ರೈತರು ಪರಿಹಾರದ ಕಾಗದ ಹಿಡಿದು ಕಚೇರಿಯಿಂದ ಕಚೇರಿಗೆ, ಮೇಜಿನಿಂದ ಮೇಜಿಗೆ ನಡೆಯುತ್ತಲೇ ಇದ್ದಾರೆ. ಅವರ ಚಪ್ಪಲಿ ತೂತಾಗಿದ್ದಕ್ಕೆ ಯಾವ ಗಡಿಯಾರವೂ ಪಟಾಕಿ ಹಾರಿಸಿಲ್ಲ.

ಇಳಕಲ್ಲಿನ ಓಣಿಗಳಲ್ಲಿ ಕುಣಿಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಕುಳಿತ ನೇಕಾರ ಬೆಳಗಿನಿಂದ ಬೈಗಿನವರೆಗೆ ತುಳಿಯುತ್ತಲೇ ಇರುತ್ತಾನೆ. ಒಂದು ಕೈ ಲಾಳಿಯ ಹಗ್ಗ ಎಳೆಯುತ್ತದೆ, ಇನ್ನೊಂದು ಹಲಗೆ ಬಡಿಯುತ್ತದೆ, ಮಗ್ಗುಲಲ್ಲಿ ಹೆಂಡತಿ ಕಂಡಿಕೆ ಸುತ್ತುತ್ತಿರುತ್ತಾಳೆ. ಹತ್ತಿಯ ಒಡಲಿಗೆ ರೇಷ್ಮೆಯ ಸೆರಗನ್ನು ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುವಾಗ ಕಣ್ಣು ರೆಪ್ಪೆ ಬಡಿಯುವುದನ್ನೂ ಮರೆಯುತ್ತದೆ. ಇಡೀ ದಿನ ತುಳಿದರೂ ಆತ ಇದ್ದಲ್ಲಿಂದ ಗೇಣು ಮುಂದೆ ಹೋಗಿರುವುದಿಲ್ಲ. ಬೆಂಗಳೂರಿನಲ್ಲಿ ಹೀಗೆ ಎಲ್ಲಿಗೂ ಹೋಗದೆ ತುಳಿಯಲು ಜನ ಜಿಮ್ಮಿಗೆ ತಿಂಗಳಿಗಿಷ್ಟು ಎಂದು ದುಡ್ಡು ಕಟ್ಟುತ್ತಾರೆ, ಎದುರಿಗೆ ಕನ್ನಡಿ ಬೇರೆ. ದುಡಿಮೆಯೇ ವ್ಯಾಯಾಮ, ನೇಕಾರರಿಗೆ ರೋಗವೇ ಇಲ್ಲ ಎಂದು ವೇದಿಕೆಯಿಂದ ಅವರ ಬೆನ್ನು ಚಪ್ಪರಿಸುವವರೂ ಇದ್ದಾರೆ. ದಯವಿಟ್ಟು ಚಪ್ಪರಿಸಬೇಡಿ, ಆ ಬೆನ್ನು ನೋಯುತ್ತಿದೆ. ಒಂದೇ ಭಂಗಿಯಲ್ಲಿ ಕುಳಿತು ದುಡಿಯುವವನಿಗೆ ಬೇಕಾದದ್ದು ಎದ್ದು ನಿಂತು ಮೈ ಮುರಿಯಲು ಒಂದಿಷ್ಟು ಹೊತ್ತು ಮತ್ತು ಆ ಹೊತ್ತಿನ ಕೂಲಿ. ಇವೆರಡೂ ಫಿಟ್‌ನೆಸ್ ಅಂಗಡಿಯಲ್ಲಿ ಸಿಗುವುದಿಲ್ಲ.

ದವಾಖಾನೆಯಲ್ಲಿ ನಡೆಯುವ ಮಾತುಕತೆ ಇದಕ್ಕಿಂತ ಸೊಗಸು.

"ಯವ್ವಾ, ನಿನಗ ಸಕ್ಕರಿ ಬಂದದ. ದಿನಾ ವಾಕಿಂಗ್ ಮಾಡಬೇಕು."

"ಎಲ್ಲಿಗ್ರೀ ಸಾಹೇಬ್ರ?"

"ಎಲ್ಲಿಗೂ ಅಲ್ಲ. ಸುಮ್ಮನ ನಡಿಬೇಕು."

"ಕೆಲಸಿಲ್ಲದ ಸುಮ್ಮನ ನಡದ್ರ ಓಣ್ಯಾಗಿನ ಮಂದಿ ಏನಂದಾರ್ರಿ? ಆಡ ಹೊಡ್ಕೊಂಡ ಗುಡ್ಡಕ್ಕ ಹೋಗತೇನಿ, ಅದು ನಡ್ಯೂದಿಲ್ಲೇನು?"

ಡಾಕ್ಟರು ಬರೆಯುವುದನ್ನು ನಿಲ್ಲಿಸಿ ತಲೆ ಎತ್ತುತ್ತಾರೆ. ಎದುರಿಗಿರುವ ಹೆಣ್ಣುಮಗಳು ದಿನಕ್ಕೆ ಎಷ್ಟು ಗುಡ್ಡ ಹತ್ತಿ ಇಳಿಯುತ್ತಾಳೆ ಎಂಬ ಪ್ರಶ್ನೆಗೆ ಅವರ ಫಾರಮ್ಮಿನಲ್ಲಿ ಜಾಗವಿಲ್ಲ. ಚಹಕ್ಕೆ ಎಷ್ಟು ಚಮಚ ಸಕ್ಕರಿ, ಸಂತೆಯಿಂದ ಬರುವಾಗ ಯಾವ ಕರಿದ ತಿನಿಸು ಎಂದು ಕೇಳಲು ಹೊರಗಿನ ಸಾಲು ಬಿಡುವುದಿಲ್ಲ. ದೇಶದಲ್ಲಿ 10.1 ಕೋಟಿ ಜನಕ್ಕೆ ಮಧುಮೇಹ ಇದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ ಎಂದು ಐಸಿಎಂಆರ್ ನೆರವಿನ ಅಧ್ಯಯನ 2023ರಲ್ಲಿ ಹೇಳಿತು. ಇಷ್ಟು ಮಂದಿಗೂ ಒಂದೇ ಸಾಲಿನ ಔಷಧ: ವಾಕಿಂಗ್ ಮಾಡ್ರಿ.

ಹೆಣ್ಣುಮಕ್ಕಳ ವಾಕಿಂಗಿನ ಕಷ್ಟ ಬೇರೆ. ಭಾರತದ ವಯಸ್ಕರಲ್ಲಿ ಅರ್ಧದಷ್ಟು ಜನ ಸಾಕಷ್ಟು ಮೈ ಆಡಿಸುತ್ತಿಲ್ಲ, ಗಂಡಸರಲ್ಲಿ ಶೇ. 42, ಹೆಂಗಸರಲ್ಲಿ ಶೇ. 57 ಎಂದು ಲ್ಯಾನ್ಸೆಟ್ ಬಳಗದ ಪತ್ರಿಕೆ 2024ರಲ್ಲಿ ಪ್ರಕಟಿಸಿದಾಗ ನಮ್ಮ ಕಟ್ಟೆಯ ಮೇಲೆ ಹಾಸ್ಯವೋ ಹಾಸ್ಯ. ಈಗಿನ ಹೆಂಗಸರು ಮಿಕ್ಸರ್, ವಾಷಿಂಗ್ ಮಷೀನ್ ಬಂದ ಮೇಲೆ ದಪ್ಪಗಾದರು ಎಂದು ತೀರ್ಪು ಕೊಟ್ಟವರು ಕಟ್ಟೆ ಬಿಟ್ಟು ಏಳದವರು. ಹುನಗುಂದದಂಥ ಊರಿನಲ್ಲಿ ಒಬ್ಬ ಹೆಣ್ಣುಮಗಳು ಬೂಟು ಹಾಕಿಕೊಂಡು ರಸ್ತೆಯಲ್ಲಿ ಓಡಿ ನೋಡಲಿ. ಮೊದಲನೇ ತಿರುವಿನಲ್ಲೇ ಕಾಕಾ ಒಬ್ಬರು ಸೈಕಲ್ ನಿಲ್ಲಿಸುತ್ತಾರೆ. "ಯಾಕ ತಂಗಿ, ಏನಾತು? ಮನ್ಯಾಗ ಯಾರಿಗಿ ಆರಾಮಿಲ್ಲೇನು?" ಎರಡನೇ ತಿರುವಿನಲ್ಲಿ "ಬಸ್ ಹೋತೇನು?" ಮೂರನೇ ತಿರುವಿನಲ್ಲಿ "ಯಾರ ಮನಿ ಸೊಸಿ?" ಆರಾಮಿಲ್ಲದಾಗ, ಬಸ್ಸು ತಪ್ಪಿದಾಗ ಮಾತ್ರ ಓಡಬೇಕೆಂಬುದು ಊರಿನ ಕಟ್ಟಳೆ. ಈ ಕಟ್ಟಳೆಗೆ ಅಂಜಿ ಹೆಣ್ಣುಮಕ್ಕಳು ಬೆಳಕು ಹರಿಯುವ ಮೊದಲೇ, ಇಳಕಲ್ ಸೀರೆಯ ಕೆಳಗೆ ಬಿಳಿ ಬೂಟು ಹಾಕಿಕೊಂಡು, ನಾಲ್ಕು ಜನ ಜೊತೆಯಾಗಿ ಹೆದ್ದಾರಿಯ ಮಗ್ಗುಲು ನಡೆಯುತ್ತಾರೆ. ಊರೊಳಗೆ ಫುಟ್‌ಪಾತ್ ಇದ್ದಲ್ಲಿ ಅಂಗಡಿ ಇದೆ, ಅಂಗಡಿ ಇಲ್ಲದಲ್ಲಿ ಚರಂಡಿಯ ಬಾಯಿ ತೆರೆದಿದೆ. ಹೆದ್ದಾರಿಯಲ್ಲಿ ಇಳಕಲ್ಲಿನ ಕೆಂಪು ಗ್ರಾನೈಟ್ ಬಂಡೆ ಹೊತ್ತ ಲಾರಿಗಳು ಕಿವಿ ಹರಿಯುವಂತೆ ಹಾರ್ನ್ ಬಾರಿಸುತ್ತ ಹೋಗುತ್ತವೆ. ಇವುಗಳ ನಡುವೆ ನಡೆದು ಬಂದರೆ ಎದೆಬಡಿತ ತಾನಾಗಿ ಏರುತ್ತದೆ, ಅದಕ್ಕೆ ಯಾವ ಕೋಚೂ ಬೇಡ.

ಕೋಚ್ ಬೇಕೆಂದವರಿಗೆ ಬೀದಿನಾಯಿಗಳಿವೆ. ಓಟದಲ್ಲಿ ಈ ಜಿಲ್ಲೆಯ ಹೆಸರು ದೇಶಕ್ಕೆಲ್ಲ ಗೊತ್ತಾದದ್ದೇ ನಾಯಿಯಿಂದ. ಮುಧೋಳದ ನಾಯಿಗೆ 2005ರಲ್ಲಿ ಅಂಚೆಚೀಟಿ ಬಂತು, ಮುಂದೆ ಸೇನೆಯೂ ಕರೆದುಕೊಂಡು ಹೋಯಿತು. ಓಡಬಲ್ಲದ್ದು ಕೆಲಸ ಹಿಡಿದು ಊರು ಬಿಟ್ಟಿತು. ಓಡಿಸಬಲ್ಲವು ಉಳಿದುಕೊಂಡವು.

ಇನ್ನು ಬಾದಾಮಿ. ಹಳೆಯ ಹೆಸರು ವಾತಾಪಿ. ಅಣ್ಣ ಇಲ್ವಲ ತಮ್ಮ ವಾತಾಪಿಯನ್ನು ಟಗರು ಮಾಡಿ ಕೊಯ್ದು ಅತಿಥಿಗಳಿಗೆ ಬಡಿಸುವುದು, ಉಂಡಾದ ಮೇಲೆ ಕರೆದರೆ ತಮ್ಮ ಹೊಟ್ಟೆ ಸೀಳಿಕೊಂಡು ಹೊರಬರುವುದು, ಕೊನೆಗೆ ಅಗಸ್ತ್ಯ ಬಂದು ಉಂಡು, ಹೊಟ್ಟೆ ಸವರಿಕೊಂಡು, ಅವನನ್ನು ಅಲ್ಲೇ ಜೀರ್ಣಿಸಿಕೊಂಡದ್ದು ಎಲ್ಲರಿಗೂ ಗೊತ್ತಿರುವ ಕಥೆ. ಕೆರೆಗೆ ಇಂದಿಗೂ ಅಗಸ್ತ್ಯನದೇ ಹೆಸರು. ಇಡೀ ಟಗರನ್ನು ಕುಳಿತಲ್ಲೇ ಕರಗಿಸಿದ ದಾಖಲೆ ಆತನೊಬ್ಬನದೇ. ಆ ವಿದ್ಯೆಯಲ್ಲಿ ನಮಗೆ ಉಳಿದು ಬಂದದ್ದು ಹೊಟ್ಟೆ ಸವರಿಕೊಳ್ಳುವ ಭಾಗ ಮಾತ್ರ.

ಅದೇ ಊರಿನ ಮೊದಲನೇ ಗುಹೆಯ ಹೊರಗೆ 18 ತೋಳುಗಳ ನಟರಾಜ ಕುಣಿಯುತ್ತಿದ್ದಾನೆ. ಕೆಳಗೆ ಪೀಠದ ಸಾಲಿನಲ್ಲಿ ಡೊಳ್ಳುಹೊಟ್ಟೆಯ ಗಣಗಳೂ ಕುಣಿಯುತ್ತಿವೆ. ಸುಮಾರು 1,400 ವರ್ಷದಿಂದ ಕುಣಿಯುತ್ತಿದ್ದರೂ ಅವುಗಳ ಹೊಟ್ಟೆ ಇಳಿದಿಲ್ಲ, ಕುಣಿತವೂ ನಿಂತಿಲ್ಲ. ನನಗಂತೂ ಜಿಲ್ಲೆಯಲ್ಲಿ ಇದಕ್ಕಿಂತ ಒಳ್ಳೆಯ ಆರೋಗ್ಯ ಫಲಕ ಕಂಡಿಲ್ಲ. ಬಂದವರು ಆ ಗಣಗಳ ಪಕ್ಕ ನಿಂತು, ಹೊಟ್ಟೆ ಒಳಗೆಳೆದುಕೊಂಡು, ಉಸಿರು ಕಟ್ಟಿ ಸೆಲ್ಫಿ ತೆಗೆದುಕೊಳ್ಳುತ್ತಾರೆ. ಊರ ಕೆಂಪು ಬಂಡೆಗೆ ಹಗ್ಗ ಬಿಗಿದು ಹತ್ತಲು ಎಲ್ಲೆಲ್ಲಿಂದಲೋ ಹುಡುಗ ಹುಡುಗಿಯರು ಬರುತ್ತಾರೆ. ನಮ್ಮ ಸಾಹುಕಾರರು ಕಾರಿನ ಗಾಜಿಳಿಸಿ ಕೇಳುವುದು ಒಂದೇ ಪ್ರಶ್ನೆ: "ಗುಹಾದ ಬಾಗಲದ ಮಟಾ ಗಾಡಿ ಹೋಗೂದಿಲ್ಲೇನು?"

ಬನಶಂಕರಿಯಲ್ಲಿ ಬುಟ್ಟಿ ಹೊತ್ತು ಜೋಳದ ರೊಟ್ಟಿ, ಗಟ್ಟಿ ಮೊಸರು, ಕೆಂಪು ಚಟ್ನಿ, ಗುರೆಳ್ಳು ಹಿಂಡಿ ಮಾರುವ ಅವ್ವಂದಿರು ಸಿಗುತ್ತಾರೆ. ಅವರ ಬುಟ್ಟಿಯಲ್ಲಿರುವ ಜೋಳ, ಅಗಸಿ, ಶೇಂಗಾಕ್ಕೆ ಈಗ ಪೇಟೆಯಲ್ಲಿ ಬೇರೆಯೇ ಮರ್ಯಾದೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷ ಎಂದು ಸಾರಿದ ಮೇಲೆ ಜೋಳವೂ ಪ್ಯಾಕೆಟಿನೊಳಗೆ ಕುಳಿತು ಬೆಲೆ ಏರಿಸಿಕೊಂಡಿತು. ಅಗಸಿಯಂತೂ ಗಾಜಿನ ಶೀಶೆ ಸೇರಿ ಇಂಗ್ಲಿಷ್ ಕಲಿತಿದೆ. ಇತ್ತ ಹೊಲದ ತುಂಬ ಬಿಳಿಜೋಳ ನಿಂತಿರುವ ಊರಿನ ಮಾಸ್ತರರು ಆರೋಗ್ಯಕ್ಕೆಂದು ಓಟ್ಸ್ ಗಂಜಿ ಕುಡಿಯುತ್ತಾರೆ, ಮುಖ ಕಿವುಚಿಕೊಂಡು. ಹತ್ತು ಗಂಟೆಯ ಹೊತ್ತಿಗೆ ಹಸಿವಾಗಿ ಮಿರ್ಚಿ ಭಜಿ, ಚುರುಮುರಿ. ಅಮೀನಗಡದ ಮೇಲೆ ಹಾಯ್ದು ಹೋದರೆ ಕರದಂಟು. ಬೆಲ್ಲ, ಕೊಬ್ಬರಿ, ತುಪ್ಪದಲ್ಲಿ ಕರಿದ ಅಂಟು ಸೇರಿದ ಅದು ಬಾಣಂತಿಯರಿಗೆ, ಪೈಲವಾನರಿಗೆ ಶಕ್ತಿ ಕೊಡಲು ಹುಟ್ಟಿದ್ದು. ಗರಡಿಮನೆಯಲ್ಲಿ ಸಾಮು ಮಾಡಿ ತಿನ್ನುತ್ತಿದ್ದರು. ಸಾಮು ಬಿಟ್ಟೆವು, ಕರದಂಟು ಬಿಡಲಿಲ್ಲ.

ಐಹೊಳೆಯನ್ನು ಇಲ್ಲಿ ನೆನೆಯದಿದ್ದರೆ ತಪ್ಪಾದೀತು. ಇಮ್ಮಡಿ ಪುಲಕೇಶಿ ಹರ್ಷನನ್ನು ತಡೆದು ಗೆದ್ದ ಸುದ್ದಿಯನ್ನು ರವಿಕೀರ್ತಿ 634ರಲ್ಲಿ ಮೇಗುಟಿ ಬಸದಿಯ ಗೋಡೆಗೆ ಹಾಕಿದ. ಗೆದ್ದ ಮೇಲೆ ಹಾಕಿದ ಎಂಬುದನ್ನು ಗಮನಿಸಬೇಕು. ನಮ್ಮ ಓಟಗಾರರು ಬೂಟಿನ ಲೇಸು ಕಟ್ಟುವಾಗಲೇ ವಾಟ್ಸ್ಯಾಪ್ ಸ್ಟೇಟಸ್ ಹಾಕಿರುತ್ತಾರೆ. ಅದಕ್ಕೆ ಬಂದ ಹೆಬ್ಬೆಟ್ಟುಗಳನ್ನು ಎಣಿಸುವುದರಲ್ಲಿ ಬಿಸಿಲೇರಿ, ಇವತ್ತು ತಡವಾಯಿತೆಂದು ಲೇಸು ಬಿಚ್ಚುತ್ತಾರೆ.

ಒಟ್ಟಾರೆ ನಾವು ಆರೋಗ್ಯಕ್ಕಾಗಿ ಬಹಳಷ್ಟನ್ನು ಸೇರಿಸಿಕೊಂಡಿದ್ದೇವೆ. ಬೂಟು, ಗಡಿಯಾರ, ಟೀಶರ್ಟು, ಓಟ್ಸು, ಅಗಸಿಯ ಶೀಶೆ, ದಿನಾಚರಣೆ. ಬಿಟ್ಟದ್ದು ಏನು ಎಂದು ಕೇಳಿದರೆ ಉತ್ತರವಿಲ್ಲ. ಇದೇ ಇಳಕಲ್ಲಿನಲ್ಲಿ ಆ ಪ್ರಶ್ನೆಯನ್ನು ಮನೆಮನೆಗೆ ಹೋಗಿ ಕೇಳಿದವರೊಬ್ಬರಿದ್ದರು ಎಂಬುದನ್ನು ನಾವು ಅಷ್ಟು ಬೇಗ ಮರೆಯಬಾರದಿತ್ತು.

ಚಿತ್ತರಗಿ-ಇಳಕಲ್ ವಿಜಯಮಹಾಂತೇಶ ಸಂಸ್ಥಾನ ಮಠದ ಡಾ. ಮಹಾಂತ ಸ್ವಾಮೀಜಿ 1975ರಲ್ಲಿ ಹೆಗಲಿಗೆ ಜೋಳಿಗೆ ಹಾಕಿಕೊಂಡು ಹೊರಟರು. ಮಠದವರು ಬಂದರೆಂದು ಜನ ಜೋಳ, ದುಡ್ಡು ತಂದರೆ, ಅದು ಬೇಡ, ನಿನ್ನ ಚಟ ಹಾಕು ಎಂದರು. ಕುಡಿತ, ಬೀಡಿ, ಸಿಗರೇಟು, ಗುಟ್ಕಾ. ಮಾತು ಕೊಟ್ಟು ಜೋಳಿಗೆಗೆ ಹಾಕಿದವರು ಸಾವಿರಾರು ಮಂದಿ. ಕೇರಿ, ಓಣಿ ಎನ್ನದೆ, ರಾಜ್ಯದ ಗಡಿ ಎನ್ನದೆ ದಶಕಗಟ್ಟಲೆ ಆ ಜೋಳಿಗೆ ತಿರುಗಿತು. ದುಡ್ಡು ಕೊಟ್ಟು ಕೊಂಡುಕೊಳ್ಳುವಂಥದ್ದು ಆ ಯೋಜನೆಯಲ್ಲಿ ಒಂದೂ ಇರಲಿಲ್ಲ, ಪ್ರಾಯೋಜಕರು ಸಿಗದಿರಲು ಅಷ್ಟು ಸಾಕು. ಸ್ವಾಮೀಜಿ 2018ರಲ್ಲಿ ಲಿಂಗೈಕ್ಯರಾದರು. ಅವರ ಹುಟ್ಟುಹಬ್ಬವಾದ ಆಗಸ್ಟ್ 1ನ್ನು ಸರ್ಕಾರ ವ್ಯಸನಮುಕ್ತ ದಿನ ಮಾಡಿದೆ.

ದಿನ ಬಂದ ಮೇಲೆ ಜಾಥಾ ಬಂತು, ಘೋಷಣೆ ಬಂತು, ಪ್ರತಿಜ್ಞೆ ಬಂತು. ಮೈಕಿನವರು ಒಂದೊಂದು ಸಾಲು ಹೇಳಿಕೊಡುತ್ತಾರೆ, ಮಕ್ಕಳು ಗಂಟಲು ಹರಿಯುವಂತೆ ಒಪ್ಪಿಸುತ್ತಾರೆ. ವೇದಿಕೆಯ ಮೇಲಿರುವ ಕೆಲವರು ಮಾತ್ರ ಬಾಯಿ ತೆರೆಯದೆ "ಹೂಂ, ಹೂಂ" ಎನ್ನುತ್ತಾರೆ. ಭಕ್ತಿಯಿಂದಲ್ಲ, ಬಾಯಿ ತುಂಬಿದೆ. ಕರ್ನಾಟಕ ಗುಟ್ಕಾ ನಿಷೇಧಿಸಿದ್ದು 2013ರಲ್ಲಿ, ವಿಶ್ವ ತಂಬಾಕುರಹಿತ ದಿನದ ಹೊತ್ತಿಗೇ. ಅಂದಿನವರೆಗೆ ಒಂದೇ ಪಾಕೀಟಿನಲ್ಲಿ ಸಿಗುತ್ತಿದ್ದದ್ದು ಅಂದಿನಿಂದ ಎರಡು ಪಾಕೀಟಿನಲ್ಲಿ ಸಿಗುತ್ತಿದೆ. ಒಂದರಲ್ಲಿ ಪಾನ್ ಮಸಾಲೆ, ಇನ್ನೊಂದರಲ್ಲಿ ತಂಬಾಕು. ಎರಡನ್ನೂ ಹಲ್ಲಿನಿಂದ ಹರಿದು, ಇದನ್ನು ಅದರೊಳಗೆ ಸುರಿದು, ಬಾಯಿ ಹಿಡಿದು ಅಲ್ಲಾಡಿಸಿ, ತಲೆ ಹಿಂದಕ್ಕೆ ಬಾಗಿಸಿ ಹಾಕಿಕೊಳ್ಳಬೇಕು. ನಿಷೇಧದಿಂದ ಜನರಿಗೆ ಆದ ಲಾಭ ಇಷ್ಟೇ, ಬೆರಳಿಗೂ ಕುತ್ತಿಗೆಗೂ ದಿನಕ್ಕೆ ಹಲವು ಸಲ ವ್ಯಾಯಾಮ. ಆಮೇಲೆ ಇದೇ ಓಟಗಾರರು ಮೈಲಿಗಲ್ಲು ಕಂಡಲ್ಲೆಲ್ಲ ನಿಂತು ಉಗಿಯುತ್ತಾರೆ. ಬಾಗಲಕೋಟೆಗೆ ಇನ್ನೆಷ್ಟು ಕಿಲೋಮೀಟರು ಎಂಬುದು ಆ ಕೆಂಪಿನಡಿ ಕಾಣುವುದಿಲ್ಲ.

ಸಂಘಟಕರಲ್ಲಿ ಒಂದು ವಿನಂತಿ. ಮುಂದಿನ ಆಗಸ್ಟ್ 1ಕ್ಕೆ ಓಟ ಬೇಡ, ಟೀಶರ್ಟ್ ಬೇಡ, ಸೋಫಾ ಬೇಡ. ಉಪ್ಪಿಟ್ಟು ಇರಲಿ, ಮಕ್ಕಳು ಹಸಿದು ಬಂದಿರುತ್ತಾರೆ. ವೇದಿಕೆಯ ಮೆಟ್ಟಿಲ ಬಳಿ ಆ ಎಂಟನೇ ಇಯತ್ತೆಯ ಹುಡುಗಿ ಒಂದು ಜೋಳಿಗೆ ಹಿಡಿದು ನಿಲ್ಲಲಿ. ಹತ್ತುವವರು ಜೇಬಿನಲ್ಲಿರುವುದನ್ನು ಅದರೊಳಗೆ ಹಾಕಿ ಹತ್ತಲಿ, ಮುಖ್ಯ ಅತಿಥಿಗಳಿಂದಲೇ ಶುರುವಾಗಲಿ. ಟೀಶರ್ಟ್ ಮತ್ತು ಫ್ಲೆಕ್ಸಿನಿಂದ ಉಳಿದ ದುಡ್ಡಿನಲ್ಲಿ ಊರಿಗೊಂದು ಮೈದಾನಕ್ಕೆ ದೀಪ ಹಾಕಿಸಿ, ಹೆಣ್ಣುಮಕ್ಕಳಿಗೆ ಶೌಚಾಲಯ ಕಟ್ಟಿಸಿ, ಅದರ ಬೀಗದ ಕೈ ಬೆಳಗಿನ ಐದಕ್ಕೆ ಸಿಗುವ ಹಾಗೆ ನೋಡಿಕೊಳ್ಳಿ. ದೀಪದ ಕಂಬದ ಮೇಲೆ ಬೇಕಿದ್ದರೆ ನಿಮ್ಮ ಹೆಸರನ್ನೇ ಬರೆಸಿಕೊಳ್ಳಿ, ನಮ್ಮ ತಕರಾರಿಲ್ಲ.